ಆರಿಸಿದರೂ ಆರದ ಕಂಪ್ಯೂಟರ್, ಕರೆದರೂ ಓಗೊಡದ ಮೋಡೆಮ್

ರಾತ್ರಿ ಕಂಪ್ಯೂಟರ್ ಆರಿಸಿ ಮಲಗಿದ್ದೆ. ಅರೆನಿದ್ದೆಯಲ್ಲಿ ದೂರವಾಣಿ ಎರಡು ಸಲ ರಿಂಗಣಿಸಿ ನಿಂತಿತು. ಅದರ ಬೆನ್ನಿಗೇ ಫ್ಯಾನಿನ ಗುಂಯ್ ಸದ್ದು, ಹಾರ್ಡ್ ಡಿಸ್ಕಿನ ಕಟಕಟ. ಎದ್ದು ಹೋಗಿ ನೋಡಿದರೆ ವಿಂಡೋಸ್ ತಾನಾಗಿಯೇ ತೆರೆದುಕೊಂಡು ಪಾಸ್‌ವರ್ಡ್ ಕೇಳುತ್ತಾ ಕೂತಿದೆ. ಅದಕ್ಕೂ ಮೊದಲು ಎರಡು ವಾರ ಇದನ್ನು ಶಟ್‌ಡೌನ್ ದೋಷವೆಂದೇ ನಂಬಿದ್ದೆ. ಒಮ್ಮೆ ವಿಂಡೋಸನ್ನೇ ಪೂರ್ತಿ ಅಳಿಸಿ ಹೊಸದಾಗಿ ಹಾಕಿಯೂ ಆಗಿತ್ತು. ವಿಂಡೋಸ್ ಪಾಪ, ಏನೂ ಮಾಡಿರಲಿಲ್ಲ. ಮೇಜಿನ ಮೇಲೆ ಸಾಧುವಿನಂತೆ ಕೂತಿದ್ದ ಮೋಡೆಮ್, ಅಂದರೆ ದೂರವಾಣಿ ತಂತಿಯ ಮೂಲಕ ಕಂಪ್ಯೂಟರನ್ನು ಇಂಟರ್‌ನೆಟ್‌ಗೆ ಜೋಡಿಸುವ ಪುಟ್ಟ ಪೆಟ್ಟಿಗೆ, ಕರೆ ಬಂದಾಗಲೆಲ್ಲ ಸೀರಿಯಲ್ ಕೇಬಲ್ಲಿನ ಒಂದೇ ಒಂದು ತಂತಿಯ ಮೂಲಕ ಕಂಪ್ಯೂಟರನ್ನು ತಟ್ಟಿ ಎಬ್ಬಿಸುತ್ತಿತ್ತು.

ಹಳೆಯ ಮನೆ ಕಂಪ್ಯೂಟರುಗಳಲ್ಲಿ ಸರಿಯಾಗಿ ಆರದಿರುವುದು ಮತ್ತು ಹೊರಗಿನ ಮೋಡೆಮ್ ಕೈಕೊಡುವುದು ಎಂಬ ಎರಡು ದೂರುಗಳು ಜೊತೆಯಾಗಿ ಬಂದರೆ, ಎರಡಕ್ಕೂ ಬೇರೆ ಬೇರೆ ಮದ್ದು ಹುಡುಕುವ ಮೊದಲು ಅವುಗಳ ನಡುವಿನ ನಂಟನ್ನು ಪರೀಕ್ಷಿಸಬೇಕು. ಕೆಳಗಿನ ಹೆಜ್ಜೆಗಳ ಕ್ರಮವನ್ನು ಅದಕ್ಕಾಗಿಯೇ ಹೀಗೆ ಇಟ್ಟಿದ್ದೇನೆ. ವಿಂಡೋಸ್ 98, ಅದರ 1999ರ ಎರಡನೇ ಆವೃತ್ತಿ ಮತ್ತು 2001ರ ಎಕ್ಸ್‌ಪಿ, ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಆಜ್ಞೆಗಳನ್ನೂ ಕಡತಗಳ ಹೆಸರನ್ನೂ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಯಂತ್ರದ ಮುಂದೆ ಕೂತಾಗ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ.

ಕೈ ಹಾಕುವ ಮೊದಲು

ಒಂದು ಪುಸ್ತಕ, ಒಂದು ಪೆನ್ನು ಹತ್ತಿರ ಇರಲಿ. ಬದಲಾಯಿಸಿದ್ದನ್ನೆಲ್ಲ ಬರೆದಿಡಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದಾಗ ದೋಷ ಹೋದರೆ, ಹೋದದ್ದು ಯಾವುದರಿಂದ ಎಂದು ಯಾರಿಗೂ ತಿಳಿಯುವುದಿಲ್ಲ. ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಿ. ಸರಿಯಾಗಿ ಆರದ ಯಂತ್ರವನ್ನು ಪದೇ ಪದೇ ಬಲವಂತವಾಗಿ ಆರಿಸಿದರೆ ಡಿಸ್ಕಿನ ಕಡತವ್ಯವಸ್ಥೆ ಕೆಡುವ ಸಂಭವ ಇದ್ದೇ ಇರುತ್ತದೆ.

ಮೂರು ಎಚ್ಚರಿಕೆಗಳಿವೆ. ವಿದ್ಯುತ್ ಪೂರೈಕೆಯ ಲೋಹದ ಡಬ್ಬಿಯನ್ನು, ಅಂದರೆ ಪವರ್ ಸಪ್ಲೈಯನ್ನು, ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ದೂರವಾಣಿ ತಂತಿಯ ಬರಿಯ ತುದಿಗಳನ್ನು ಮುಟ್ಟಬೇಡಿ; ಸುಮ್ಮನಿದ್ದಾಗ ಅದರಲ್ಲಿ ಸುಮಾರು 48 ವೋಲ್ಟ್ ಇದ್ದರೂ ಕರೆ ಬಂದಾಗ ಹರಿಯುವ ರಿಂಗ್ ವೋಲ್ಟೇಜು ಕೈಗೆ ಚುರುಕಾಗಿ ತಗಲುವಷ್ಟಿರುತ್ತದೆ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಈ ಕೆಲಸಕ್ಕೆ ಕೂರಲೇಬೇಡಿ.

ಮೋಡೆಮ್ ಜೊತೆ ಬಂದ ಅಡಾಪ್ಟರ್ ಕಳೆದುಹೋಗಿ ಬೇರೆ ಯಾವುದನ್ನೋ ಹಾಕಿದ್ದರೆ ಅದರ ಮೇಲಿನ ಬರಹ ಓದಿ. ಬಹಳಷ್ಟು ಹೊರಗಿನ ಮೋಡೆಮ್‌ಗಳು ಎಸಿ ಹೊರಹರಿವು ಕೊಡುವ ಅಡಾಪ್ಟರನ್ನೇ ಬೇಡುತ್ತವೆ. ಪಿನ್ ಸರಿಹೊಂದಿತು, 9 ವೋಲ್ಟ್ ಎಂದೂ ಬರೆದಿದೆ ಎಂದು ಡಿಸಿ ಅಡಾಪ್ಟರ್ ಚುಚ್ಚಿದರೆ ಮೋಡೆಮ್ ಏಳದೆ ಹೋಗಬಹುದು, ಅಥವಾ ಅರೆಜೀವದಲ್ಲಿ ಉಳಿದು ನಿಮ್ಮನ್ನು ತಿಂಗಳುಗಟ್ಟಲೆ ಕಾಡಬಹುದು.

ಹೆಜ್ಜೆ 1: ಇಬ್ಬರನ್ನೂ ದೂರ ಮಾಡಿ

ಕಂಪ್ಯೂಟರನ್ನು ಪೂರ್ತಿ ಆರಿಸಿ, ಬೇಕಿದ್ದರೆ ಬಲವಂತವಾಗಿಯೇ. ಮೋಡೆಮ್‌ನ ಸೀರಿಯಲ್ ಕೇಬಲ್ಲನ್ನು ಕಂಪ್ಯೂಟರಿನ ಬೆನ್ನಿನಿಂದ ತಿರುಪು ಸಡಿಲಿಸಿ ಹೊರತೆಗೆಯಿರಿ. ಮೋಡೆಮ್ ಆರಿಸಿದರೆ ಸಾಲದು, ಕೇಬಲ್ಲೇ ಹೊರಬರಬೇಕು. ಈಗ ಯಂತ್ರವನ್ನು ಹಚ್ಚಿ, ಎರಡು ನಿಮಿಷ ಬಿಟ್ಟು, ಎಂದಿನಂತೆ ಶಟ್‌ಡೌನ್ ಮಾಡಿ. ಮೂರು ಬಾರಿ ಹೀಗೆ ಮಾಡಿ. ನಂತರ ಕೇಬಲ್ ಸಿಕ್ಕಿಸಿ, ಡಯಲ್ ಮಾಡದೆ ಮೂರು ಬಾರಿ. ಕೊನೆಗೆ ಡಯಲ್ ಮಾಡಿ, ಸಂಪರ್ಕ ಕಡಿದು, ಮತ್ತೆ ಮೂರು ಬಾರಿ.

ಒಂಬತ್ತು ಸಲ ಹಚ್ಚಿ ಆರಿಸುವುದು ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಮುಂದಿನ ಅರ್ಧ ದಿನವನ್ನು ಉಳಿಸಿಕೊಡುವುದು ಇದೇ. ಕೇಬಲ್ ಇಲ್ಲದಿದ್ದರೂ ಆರದಿದ್ದರೆ ಮೋಡೆಮ್‌ಗೆ ಇದರಲ್ಲಿ ಪಾತ್ರವಿಲ್ಲ. ಎರಡನೇ ಹೆಜ್ಜೆಗೆ ಹೋಗಿ. ಕೇಬಲ್ ಸಿಕ್ಕಿಸಿದೊಡನೆ ತೊಂದರೆ ಮರಳಿದರೆ ಪೋರ್ಟ್, ಡ್ರೈವರ್ (ಸಾಧನವನ್ನು ನಡೆಸುವ ಪ್ರೋಗ್ರಾಮ್) ಅಥವಾ ಕರೆ ಬಂದದ್ದನ್ನು ತಿಳಿಸುವ ರಿಂಗ್ ತಂತಿಯ ಮೇಲೆ ಅನುಮಾನ ಇಡಿ. ಡಯಲ್ ಮಾಡಿದ ನಂತರ ಮಾತ್ರ ಸಿಕ್ಕಿಹಾಕಿಕೊಂಡರೆ, ಯಾವುದೋ ಪ್ರೋಗ್ರಾಮ್ ಪೋರ್ಟನ್ನು ಬಿಟ್ಟುಕೊಡದೆ ಹಿಡಿದು ಕೂತಿದೆ: ಫ್ಯಾಕ್ಸ್ ಪ್ರೋಗ್ರಾಮ್, ಸಂಪರ್ಕ ಸೇವೆಯವರು ಕೊಟ್ಟ ಡಯಲರ್, ಕೆಲವೊಮ್ಮೆ ಮೋಡೆಮ್‌ನ ಡ್ರೈವರ್ರೇ.

ಹೆಜ್ಜೆ 2: ಆರುವುದಿಲ್ಲ ಎಂದರೆ ನಿಜವಾಗಿ ಏನಾಗುತ್ತಿದೆ?

"ಶಟ್‌ಡೌನ್ ಆಗುತ್ತಿಲ್ಲ" ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ತೊಂದರೆಗಳಿವೆ. ನಿಮ್ಮದು ಯಾವುದು ಎಂದು ಮೊದಲು ಗುರುತಿಸಿಕೊಳ್ಳಿ.

*ಈಗ ಆರಿಸಬಹುದು ಎಂಬ ಸಂದೇಶ ಬಂದು ನಿಲ್ಲುವುದು.* ವಿಂಡೋಸ್ ತನ್ನ ಕೆಲಸ ಮುಗಿಸಿದೆ, ವಿದ್ಯುತ್ ಕಡಿಯುವುದು ಮಾತ್ರ ಬಾಕಿ. ಯಂತ್ರ ತೀರಾ ಹಳೆಯದಾಗಿದ್ದರೆ ಇದು ದೋಷವೇ ಅಲ್ಲ. 1995ರಲ್ಲಿ ಎಟಿಎಕ್ಸ್ ವಿನ್ಯಾಸ ಬರುವ ಮೊದಲಿನ ಪೆಟ್ಟಿಗೆಗಳಲ್ಲಿ ಮುಂಭಾಗದ ಗುಂಡಿ ನೇರವಾಗಿ ಮುಖ್ಯ ವಿದ್ಯುತ್ತನ್ನೇ ಕಡಿಯುತ್ತಿತ್ತು. ಅದನ್ನು ಬೆರಳಿನಿಂದಲೇ ಒತ್ತಬೇಕು, ಯಾವ ಸಾಫ್ಟ್‌ವೇರಿಗೂ ಒತ್ತಲು ಬರುವುದಿಲ್ಲ. ಎಟಿಎಕ್ಸ್‌ನಲ್ಲಿ ಮಾತ್ರ ಮದರ್‌ಬೋರ್ಡ್ ಒಂದು ಹಸಿರು ತಂತಿಯ ಮೂಲಕ ಪವರ್ ಸಪ್ಲೈಗೆ ಏಳು, ಮಲಗು ಎಂದು ಹೇಳುತ್ತದೆ.

ನಿಮ್ಮದು ಎಟಿಎಕ್ಸ್ ಆಗಿದ್ದೂ ಸಂದೇಶ ನಿಂತರೆ, ವಿಂಡೋಸಿಗೂ ಬಯೋಸಿಗೂ (ಯಂತ್ರ ಹಚ್ಚಿದೊಡನೆ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್) ವಿದ್ಯುತ್ ನಿರ್ವಹಣೆಯ ಮಾತುಕತೆ ನಿಂತುಹೋಗಿದೆ. ಎಕ್ಸ್‌ಪಿಯಲ್ಲಿ ಕಂಟ್ರೋಲ್ ಪ್ಯಾನೆಲ್‌ನ "ಪವರ್ ಆಪ್ಷನ್ಸ್" ತೆರೆಯಿರಿ. ಅಲ್ಲಿ "ಎಪಿಎಂ" (ವಿದ್ಯುತ್ ನಿರ್ವಹಣೆಯ ಹಳೆಯ ಪದ್ಧತಿ) ಎಂಬ ಹಾಳೆ, ಅಂದರೆ ಟ್ಯಾಬ್, ಕಂಡರೆ ಅದರಲ್ಲಿನ ಚೌಕಕ್ಕೆ ಗುರುತು ಹಾಕಿ, ಕೆಲಸ ಮುಗಿಯಿತು. ಆ ಹಾಳೆ ಇಲ್ಲದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ (ಯಂತ್ರದ ಸಾಧನಗಳನ್ನೆಲ್ಲ ಪಟ್ಟಿಮಾಡುವ ವಿಂಡೋಸ್ ಕಿಟಕಿ) "ಕಂಪ್ಯೂಟರ್" ಎಂಬ ಸಾಲನ್ನು ಬಿಡಿಸಿ ನೋಡಿ. "ಎಸಿಪಿಐ" ಎಂದಿದ್ದರೆ ಹೊಸ ಪದ್ಧತಿ ನಡೆಯುತ್ತಿದೆ, ಎಪಿಎಂ ಬೇಕಾಗಿಲ್ಲ. "ಸ್ಟ್ಯಾಂಡರ್ಡ್ ಪಿಸಿ" ಎಂದಿದ್ದರೆ ವಿಂಡೋಸ್ ಹಾಕುವ ಹೊತ್ತಿನಲ್ಲಿ ಬಯೋಸ್‌ನಲ್ಲಿ ಎಸಿಪಿಐ ಮುಚ್ಚಿಟ್ಟಿದ್ದಿರಬಹುದು. ಆ ಸಾಲನ್ನು ಡಿವೈಸ್ ಮ್ಯಾನೇಜರ್‌ನಿಂದಲೇ ಬದಲಿಸುವ ಆಸೆ ಪಡಬೇಡಿ. ಮುಂದಿನ ಸಲ ಯಂತ್ರ ತೆರೆಯದೇ ಹೋದೀತು. ವಿಂಡೋಸ್ 98ರಲ್ಲಿ ಇದೇ ಸಂಗತಿ ಡಿವೈಸ್ ಮ್ಯಾನೇಜರ್‌ನ "ಸಿಸ್ಟಮ್ ಡಿವೈಸಸ್" ಗುಂಪಿನಲ್ಲಿ ಸಿಗುತ್ತದೆ.

*"ವಿಂಡೋಸ್ ಈಸ್ ಶಟಿಂಗ್ ಡೌನ್" ಎಂಬಲ್ಲೇ ಹೆಪ್ಪುಗಟ್ಟುವುದು.* ವಿಂಡೋಸ್ 98ರ ಪ್ರಸಿದ್ಧ ಕಾಯಿಲೆ ಇದು. ಎಷ್ಟು ಪ್ರಸಿದ್ಧವೆಂದರೆ ಎರಡನೇ ಆವೃತ್ತಿಗೆ ಮೈಕ್ರೋಸಾಫ್ಟ್ "ಶಟ್‌ಡೌನ್ ಸಪ್ಲಿಮೆಂಟ್" ಎಂಬ ತಿದ್ದುಪಡಿಯನ್ನೇ ಹೊರತರಬೇಕಾಯಿತು. ಅದು ಹಳೆಯ ಸಿಡಿಯಲ್ಲೋ ಡಿಸ್ಕಿನಲ್ಲೋ ನಿಮ್ಮ ಬಳಿ ಇದ್ದರೆ ಮೊದಲು ಹಾಕಿ.

ನಂತರ ಅತಿ ಸುಲಭದ್ದರಿಂದ ಶುರು ಮಾಡಿ. ಕಂಟ್ರೋಲ್ ಪ್ಯಾನೆಲ್‌ನ "ಸೌಂಡ್ಸ್"ಗೆ ಹೋಗಿ "ಎಕ್ಸಿಟ್ ವಿಂಡೋಸ್" ಎಂಬುದಕ್ಕೆ ಇಟ್ಟಿರುವ ಧ್ವನಿಯನ್ನು "ನನ್" (ಯಾವುದೂ ಇಲ್ಲ) ಮಾಡಿ. ನಗಬೇಡಿ, ಆ ಧ್ವನಿಯ ಕಡತ ಕೆಟ್ಟಿದ್ದರೆ ಇಡೀ ವಿಂಡೋಸ್ ಅದರ ಬಾಗಿಲಲ್ಲೇ ಕಾಯುತ್ತಾ ನಿಲ್ಲುತ್ತದೆ. ಆಮೇಲೆ ಸ್ಟಾರ್ಟ್, ರನ್, "ಎಂಎಸ್‌ಕಾನ್ಫಿಗ್". 98ರ ಮೊದಲ ಆವೃತ್ತಿಯಲ್ಲಿ "ಅಡ್ವಾನ್ಸ್‌ಡ್" ಗುಂಡಿಯ ಹಿಂದೆ "ಡಿಸೇಬಲ್ ಫಾಸ್ಟ್ ಶಟ್‌ಡೌನ್" ಎಂಬ ಚೌಕವಿದೆ, ಅದಕ್ಕೆ ಗುರುತು ಹಾಕಿ. ಬೇಗ ಆರಿಸಲು ಹೊರಟ ಸೌಲಭ್ಯವೇ ಆರದಂತೆ ಮಾಡುತ್ತಿದ್ದುದು ಆ ಕಾಲದ ತಮಾಷೆ.

ಇಷ್ಟಕ್ಕೂ ಬಗ್ಗದಿದ್ದರೆ ಯಂತ್ರದ ದಿನಚರಿಯನ್ನೇ ಓದಬೇಕು. ಹಚ್ಚುವಾಗ ಕಂಟ್ರೋಲ್ ಕೀ ಒತ್ತಿ ಹಿಡಿದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ "ಲಾಗ್ಡ್" ಎಂಬುದನ್ನು ಆಯ್ದುಕೊಳ್ಳಿ. ವಿಂಡೋಸ್ ತೆರೆದ ಮೇಲೆ ಶಟ್‌ಡೌನ್ ಮಾಡಿ, ಹೆಪ್ಪುಗಟ್ಟಲು ಬಿಡಿ. ಮತ್ತೆ ಹಚ್ಚಿ ಯಾವ ಫೋಲ್ಡರಿನೊಳಗೂ ಅಲ್ಲದೆ ನೇರ ಸಿ ಡ್ರೈವಿನಲ್ಲೇ ಇರುವ ಬೂಟ್‌ಲಾಗ್ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅದು ಅಡಗಿಸಿಟ್ಟ ಕಡತ, ಕಾಣುವಂತೆ ಮಾಡಿಕೊಳ್ಳಬೇಕು. ಕೊನೆಯ ಸಾಲುಗಳಲ್ಲಿ "ಟರ್ಮಿನೇಟ್" ಎಂದು ಶುರುವಾಗುವವು ಇರುತ್ತವೆ. ಪ್ರತಿಯೊಂದಕ್ಕೂ ಜೋಡಿಯಾಗಿ "ಎಂಡ್‌ಟರ್ಮಿನೇಟ್" ಇರಬೇಕು. ಜೋಡಿ ತಪ್ಪಿದ ಸಾಲೇ ಕಳ್ಳನ ಹೆಜ್ಜೆಗುರುತು. "ಕ್ವೆರಿ ಡ್ರೈವರ್ಸ್"ನಲ್ಲಿ ನಿಂತಿದ್ದರೆ ಮೆಮೊರಿ ನಿರ್ವಾಹಕದ ತಕರಾರು, "ಅನ್‌ಲೋಡ್ ನೆಟ್‌ವರ್ಕ್"ನಲ್ಲಾದರೆ ಕಾನ್ಫಿಗ್ ಕಡತದಲ್ಲಿ ಉಳಿದಿರುವ ಹಳೆಯ ನೆಟ್‌ವರ್ಕ್ ಡ್ರೈವರ್, "ರಿಸೆಟ್ ಡಿಸ್‌ಪ್ಲೇ"ಯಲ್ಲಾದರೆ ಪರದೆಯ ಡ್ರೈವರ್. "ಆರ್‌ಐಟಿ" ಎಂದಿದ್ದರೆ ಸೌಂಡ್ ಕಾರ್ಡ್ ಅಥವಾ ಹಳೆಯ ಮೌಸ್ ಡ್ರೈವರ್ ನೋಡಿ. "ವಿನ್32" ಎಂದಿದ್ದರೆ ಯಾವುದೋ ಪ್ರೋಗ್ರಾಮ್ ಬಿಡುತ್ತಿಲ್ಲ. ಡಯಲ್ ಮಾಡಿದ ಮೇಲೆ ಮಾತ್ರ ಸಿಕ್ಕಿಕೊಳ್ಳುವ ಯಂತ್ರದಲ್ಲಿ ಈ ಕೊನೆಯದು ಕಂಡರೆ ಫ್ಯಾಕ್ಸ್ ಪ್ರೋಗ್ರಾಮನ್ನು ಎಂಎಸ್‌ಕಾನ್ಫಿಗ್‌ನ ಸ್ಟಾರ್ಟಪ್ ಪಟ್ಟಿಯಿಂದ ತೆಗೆದು ನೋಡಿ.

ಎಕ್ಸ್‌ಪಿಯಲ್ಲಿ ಇದೇ ತೊಂದರೆ ಬಹುಪಾಲು "ಸೇವಿಂಗ್ ಯುವರ್ ಸೆಟ್ಟಿಂಗ್ಸ್" ಎಂಬಲ್ಲಿ ಬರುತ್ತದೆ. "ಇವೆಂಟ್ ವ್ಯೂವರ್" ತೆರೆದು "ಅಪ್ಲಿಕೇಶನ್" ವಿಭಾಗದಲ್ಲಿ "ಯೂಸರ್‌ಎನ್ವ್" ಎಂಬ ಮೂಲದಿಂದ 1517 ಅಥವಾ 1524 ಸಂಖ್ಯೆಯ ದಾಖಲೆ ಇದೆಯೇ ಹುಡುಕಿ. ಇದ್ದರೆ, ಲಾಗ್ ಆಫ್ ಆದ ಮೇಲೂ ಯಾವುದೋ ಸೇವೆ ನಿಮ್ಮ ರಿಜಿಸ್ಟ್ರಿಯನ್ನು (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ಉಗ್ರಾಣ) ಹಿಡಿದುಕೊಂಡಿದೆ. ಇದಕ್ಕೆಂದೇ ಮೈಕ್ರೋಸಾಫ್ಟ್ ಮಾಡಿದ್ದ "ಯುಪಿಎಚ್‌ಕ್ಲೀನ್" ಎಂಬ ಪುಟ್ಟ ಸೇವೆ ಒಳ್ಳೆಯ ಮದ್ದು. ರಿಜಿಸ್ಟ್ರಿಯಲ್ಲಿ ಕಾಯುವ ಅವಧಿಯನ್ನು 20000 ಮಿಲಿಸೆಕೆಂಡಿನಿಂದ ಒಂದೋ ಎರಡೋ ಸಾವಿರಕ್ಕೆ ಇಳಿಸುವ ಉಪಾಯವೂ ಚಾಲ್ತಿಯಲ್ಲಿದೆ. ನನಗೆ ಅದು ಒಗ್ಗುವುದಿಲ್ಲ. ಉಳಿಸದ ಕೆಲಸವನ್ನು ಕೊಂದು ಬೇಗ ಆರಿಸುವ ದಾರಿ ಅದು. ತಪ್ಪು ಮಾಡಿದ ಪ್ರೋಗ್ರಾಮ್ ಯಾವುದೆಂದು ಕೊನೆಗೂ ತಿಳಿಯುವುದಿಲ್ಲ.

*ಆರುವ ಬದಲು ಮತ್ತೆ ಹತ್ತಿಕೊಳ್ಳುವುದು.* ಎಕ್ಸ್‌ಪಿ ಕುಸಿದಾಗ ನೀಲಿ ಪರದೆ ತೋರಿಸುವ ಬದಲು ತಾನೇ ಮರುಚಾಲನೆಗೊಳ್ಳುವಂತೆ ಮೊದಲಿನಿಂದಲೇ ಸಿದ್ಧಪಡಿಸಲಾಗಿರುತ್ತದೆ. ಹಾಗಾಗಿ ಆರುವ ಹೊತ್ತಿನಲ್ಲಿ ಡ್ರೈವರೊಂದು ಕುಸಿದರೆ ನಿಮಗೆ ಕಾಣುವುದು ಮರುಚಾಲನೆ ಮಾತ್ರ. "ಸಿಸ್ಟಮ್ ಪ್ರಾಪರ್ಟೀಸ್", "ಅಡ್ವಾನ್ಸ್‌ಡ್", "ಸ್ಟಾರ್ಟಪ್ ಅಂಡ್ ರಿಕವರಿ". ಅಲ್ಲಿ "ಆಟೋಮ್ಯಾಟಿಕಲಿ ರೀಸ್ಟಾರ್ಟ್" ಮುಂದಿನ ಗುರುತನ್ನು ತೆಗೆಯಿರಿ. ಮುಂದಿನ ಬಾರಿ ನೀಲಿ ಪರದೆ ನಿಲ್ಲುತ್ತದೆ. ಅದರ ಮೇಲೆ "ಎಸ್‌ವೈಎಸ್" ಎಂದು ಕೊನೆಗೊಳ್ಳುವ ಹೆಸರೇನಾದರೂ ಇದ್ದರೆ ಬರೆದುಕೊಳ್ಳಿ. ಆ ಹೆಸರು ಯಾವ ಸಾಧನದ ಡ್ರೈವರೆಂದು ತಿಳಿದರೆ, ಅದನ್ನು ತೆಗೆಯುವುದು ಅಥವಾ ಹೊಸದು ಹಾಕುವುದಷ್ಟೇ ಉಳಿಯುತ್ತದೆ.

*ಆರಿ, ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಏಳುವುದು.* ನನ್ನನ್ನು ಕಾಡಿದ್ದು ಇದೇ. ಸ್ವಲ್ಪ ನಿಂತು ಹೇಳುತ್ತೇನೆ.

ಹೆಜ್ಜೆ 3: ಒಂಬತ್ತನೇ ಪಿನ್

ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿನಲ್ಲಿ ಪ್ರತಿ ಪಿನ್ನಿಗೂ ಒಂದು ಕೆಲಸ. ಎರಡು ಮತ್ತು ಮೂರು ಅಕ್ಷರಗಳನ್ನು ಒಯ್ಯುತ್ತವೆ, ಐದನೆಯದು ನೆಲ, ಅಂದರೆ ಗ್ರೌಂಡ್. ನಾಲ್ಕನೆಯದರಿಂದ ಕಂಪ್ಯೂಟರ್ "ನಾನಿದ್ದೇನೆ" ಎನ್ನುತ್ತದೆ; ಇದು ಡಿಟಿಆರ್. ಒಂಬತ್ತನೆಯದರಿಂದ ಮೋಡೆಮ್ "ಕರೆ ಬರುತ್ತಿದೆ" ಎನ್ನುತ್ತದೆ. ಇದು ರಿಂಗ್ ಇಂಡಿಕೇಟರ್.

ಎಟಿಎಕ್ಸ್ ಯಂತ್ರ ಆರಿದಂತೆ ಕಂಡರೂ ಪೂರ್ತಿ ಸತ್ತಿರುವುದಿಲ್ಲ. 5 ವೋಲ್ಟಿನ ಒಂದು ಕಾವಲು ವಿದ್ಯುತ್ ಮದರ್‌ಬೋರ್ಡಿನಲ್ಲಿ ಸದಾ ಹರಿಯುತ್ತಿರುತ್ತದೆ. ಬಯೋಸ್‌ನಲ್ಲಿ "ರೆಸ್ಯೂಮ್ ಆನ್ ರಿಂಗ್", "ವೇಕ್ ಅಪ್ ಆನ್ ಮೋಡೆಮ್", "ಪವರ್ ಆನ್ ಬೈ ರಿಂಗ್", ಹೀಗೆ ಏನೋ ಒಂದು ಹೆಸರಿನಲ್ಲಿ ಸೌಲಭ್ಯ ತೆರೆದಿದ್ದರೆ ಆ ಕಾವಲುಗಾರ ಒಂಬತ್ತನೇ ಪಿನ್ನನ್ನು ಗಮನಿಸುತ್ತಿರುತ್ತಾನೆ. ಫ್ಯಾಕ್ಸ್ ಬಂದಾಗ ಕಂಪ್ಯೂಟರ್ ಎದ್ದು ಸ್ವೀಕರಿಸಲಿ ಎಂಬ ಒಳ್ಳೆಯ ಉದ್ದೇಶದಿಂದ ಮಾಡಿದ ಏರ್ಪಾಡು. ಫ್ಯಾಕ್ಸಿನ ಗೊಡವೆಯೇ ಇಲ್ಲದ ಮನೆಯಲ್ಲಿ ಇದು ದೆವ್ವದ ಕಾಟ. ಕರೆಯೇ ಬರಬೇಕೆಂದೂ ಇಲ್ಲ: ಕಂಪ್ಯೂಟರ್ ಆರಿದ ಮೇಲೆ ಮೋಡೆಮ್‌ನ ಸ್ವಿಚ್ ತೆಗೆದು ಮತ್ತೆ ಹಾಕಿದರೂ ಕೆಲವು ಬೋರ್ಡುಗಳು ಎದ್ದು ಕೂರುತ್ತವೆ.

ಯಂತ್ರ ಹಚ್ಚಿದೊಡನೆ ಡಿಲೀಟ್ ಕೀ ಒತ್ತಿ (ಕೆಲವು ಯಂತ್ರಗಳಲ್ಲಿ ಎಫ್2) ಬಯೋಸ್ ಪ್ರವೇಶಿಸಿ. "ಪವರ್ ಮ್ಯಾನೇಜ್‌ಮೆಂಟ್" ಪುಟದಲ್ಲಿ ಮೇಲಿನ ಹೆಸರುಗಳ ಪೈಕಿ ಕಂಡದ್ದನ್ನು "ಡಿಸೇಬಲ್ಡ್" ಮಾಡಿ, ಉಳಿಸಿ ಹೊರಬನ್ನಿ. ಅದೇ ಪುಟದಲ್ಲಿ ನೆಟ್‌ವರ್ಕ್ ಕಾರ್ಡ್, ಕೀಬೋರ್ಡ್, ನಿಗದಿತ ಸಮಯದ ಅಲಾರಂ ಮೂಲಕ ಏಳುವ ಸೌಲಭ್ಯಗಳೂ ಇರುತ್ತವೆ. ಬೇಡದವನ್ನು ಅಲ್ಲೇ ಮುಚ್ಚಿ. ಬಯೋಸ್ ಹಾಕಿದ್ದನ್ನು ಮರೆತು ಪ್ರತಿ ಸಲ ಹಳೆಯ ಸ್ಥಿತಿಗೆ ಮರಳುತ್ತಿದ್ದರೆ, ಗಡಿಯಾರವೂ ಹಿಂದೆ ಬೀಳುತ್ತಿದ್ದರೆ, ಬೋರ್ಡಿನ ಮೇಲಿನ 3 ವೋಲ್ಟಿನ ಬಿಲ್ಲೆ ಬ್ಯಾಟರಿಯ ಆಯುಸ್ಸು ಮುಗಿದಿದೆ. ಹೆಚ್ಚಿನ ಬೋರ್ಡುಗಳಲ್ಲಿ ಅದು ಸಿಆರ್2032.

ಪೆಟ್ಟಿಗೆ ತೆರೆದಾಗ ಇನ್ನೊಂದನ್ನೂ ನೋಡಿಬಿಡಿ: ಪ್ರೊಸೆಸರ್ ಸುತ್ತ ನಿಂತಿರುವ ಪುಟ್ಟ ಉರುಳೆಯಂಥ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ಅಂಟು ಒಸರಿದ್ದರೆ ಸೆಟ್ಟಿಂಗ್ ಬದಲಿಸುವ ಶ್ರಮ ದಂಡ. 2000ದ ಆಸುಪಾಸಿನ ಬೋರ್ಡುಗಳಲ್ಲಿ ಈ ಪಿಡುಗು ವ್ಯಾಪಕವಾಗಿತ್ತು.

ಹೆಜ್ಜೆ 4: ಮೋಡೆಮ್‌ನ ಮುಖ ಓದಿ

ಹೊರಗಿನ ಮೋಡೆಮ್‌ನ ದೊಡ್ಡ ಗುಣವೆಂದರೆ ಅದರ ಮುಖದಲ್ಲಿ ದೀಪಗಳಿವೆ. ಪೆಟ್ಟಿಗೆಯೊಳಗಿನ ಮೋಡೆಮ್ ಕಾರ್ಡಿಗೆ ಆ ಭಾಗ್ಯವಿಲ್ಲ. ಎಂಆರ್ ಎಂದರೆ ಮೋಡೆಮ್ ಸಿದ್ಧ. ಟಿಆರ್ ಎಂದರೆ ಕಂಪ್ಯೂಟರ್ ಪೋರ್ಟನ್ನು ತೆರೆದಿದೆ, ಅಂದರೆ ಅದೇ ನಾಲ್ಕನೇ ಪಿನ್. ಎಸ್‌ಡಿ, ಆರ್‌ಡಿ ಕಳುಹಿಸುವಾಗ ಮತ್ತು ಪಡೆಯುವಾಗ ಮಿನುಗುತ್ತವೆ. ಒಎಚ್ ಎಂದರೆ ಮೋಡೆಮ್ ದೂರವಾಣಿಯನ್ನು ಎತ್ತಿಕೊಂಡಿದೆ. ಸಿಡಿ ಎಂದರೆ ಆಚೆ ಬದಿಯ ಮೋಡೆಮ್ ಸಿಕ್ಕಿದೆ. ಎಎ ಉರಿಯುತ್ತಿದ್ದರೆ ಮೋಡೆಮ್ ಬಂದ ಕರೆಗಳಿಗೆಲ್ಲ ತಾನೇ ಉತ್ತರಿಸಲು ಕೂತಿದೆ. ನೀವು ಹಾಗೆ ಕೇಳಿಕೊಂಡಿರದಿದ್ದರೆ ಅದನ್ನು ನಿಲ್ಲಿಸಬೇಕು.

ಯಾವ ದೀಪವೂ ಇಲ್ಲ: ಅಡಾಪ್ಟರ್. ಎಂಆರ್ ಇದೆ, ಡಯಲ್ ಒತ್ತಿದರೂ ಟಿಆರ್ ಬರುವುದಿಲ್ಲ: ಕೇಬಲ್ ಅಥವಾ ಪೋರ್ಟ್. ಟಿಆರ್ ಬಂದು ಎಸ್‌ಡಿ ಮಿನುಗಿ ಒಎಚ್ ಬರುವುದಿಲ್ಲ: ಮೋಡೆಮ್‌ಗೆ ಆಜ್ಞೆ ತಲುಪಿದೆ, ಅರ್ಥವಾಗಿಲ್ಲ. ಒಎಚ್ ಬಂದು ಸಿಡಿ ಬರುವುದಿಲ್ಲ: ಲೈನ್ ಅಥವಾ ಆಚೆ ಬದಿ. ಸಿಡಿ ಬಂದ ಮೇಲೂ ಸಂಪರ್ಕ ನಿಲ್ಲದಿದ್ದರೆ ಬಳಕೆದಾರ ಹೆಸರು, ಪಾಸ್‌ವರ್ಡುಗಳ ಕಡೆ ತಿರುಗಿ.

ಹೆಜ್ಜೆ 5: ಕೇಬಲ್ ಮತ್ತು ಪೋರ್ಟಿಗೆ ಒಂದು ತುಂಡು ತಂತಿಯ ಪರೀಕ್ಷೆ

ಕೇಬಲ್ ನೇರ ಕೇಬಲ್ ಆಗಿರಬೇಕು. ಎರಡು ಕಂಪ್ಯೂಟರುಗಳನ್ನು ಜೋಡಿಸುವ ನಲ್ ಮೋಡೆಮ್ ಕೇಬಲ್ ನೋಡಲು ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ, ಆದರೆ ಒಳಗೆ ತಂತಿಗಳು ಅದಲುಬದಲಾಗಿರುತ್ತವೆ.

ಮೋಡೆಮ್ ಆರಿಸಿ, ಕೇಬಲ್ಲನ್ನು ಮೋಡೆಮ್ ಕಡೆಯಿಂದ ಮಾತ್ರ ಬಿಡಿಸಿ. ಬಿಟ್ಟ ತುದಿಯಲ್ಲಿ ಎರಡನೇ ಮತ್ತು ಮೂರನೇ ಪಿನ್ನುಗಳನ್ನು ಒಂದು ಸಣ್ಣ ತಂತಿಯಿಂದ ಸೇರಿಸಿ. ತುದಿ ಒಂಬತ್ತು ಪಿನ್ನಿನದಾದರೂ ಇಪ್ಪತ್ತೈದು ಪಿನ್ನಿನದಾದರೂ ಅವೇ ಎರಡು. ಪಕ್ಕದ ಪಿನ್ನಿಗೆ ತಗಲದಂತೆ ನೋಡಿಕೊಳ್ಳಿ. ಸಂಖ್ಯೆಗಳನ್ನು ಪ್ಲಾಸ್ಟಿಕ್ಕಿನ ಮೇಲೆ ಇರುವೆಗಾತ್ರದಲ್ಲಿ ಅಚ್ಚೊತ್ತಿರುತ್ತಾರೆ, ಟಾರ್ಚ್ ಬೇಕಾಗುತ್ತದೆ. ಈಗ ಪೋರ್ಟಿನೊಂದಿಗೆ ನೇರ ಅಕ್ಷರಗಳಲ್ಲಿ ಮಾತಾಡಲು ವಿಂಡೋಸ್ ಜೊತೆಗೇ ಬರುವ "ಹೈಪರ್‌ಟರ್ಮಿನಲ್" ತೆರೆದು, ದೂರವಾಣಿ ಸಂಖ್ಯೆ ಕೇಳಿದಲ್ಲಿ ಅದನ್ನು ಬಿಟ್ಟು, "ಕನೆಕ್ಟ್ ಯೂಸಿಂಗ್" ಎಂಬಲ್ಲಿ ಕಾಮ್1 (ಮೊದಲ ಸೀರಿಯಲ್ ಪೋರ್ಟ್) ಆಯ್ದುಕೊಳ್ಳಿ. ಫ್ಲೋ ಕಂಟ್ರೋಲ್ "ನನ್" ಇರಲಿ. ಕೀಬೋರ್ಡಿನಲ್ಲಿ ಏನಾದರೂ ಒತ್ತಿ. ಅಕ್ಷರ ಪರದೆಯಲ್ಲಿ ಮೂಡಿದರೆ, ಅದು ಪೋರ್ಟಿನಿಂದ ಹೊರಟು, ಕೇಬಲ್ಲಿನ ತುದಿ ಮುಟ್ಟಿ, ನಿಮ್ಮ ತಂತಿ ದಾಟಿ ಮರಳಿ ಬಂದಿದೆ. ತಂತಿ ತೆಗೆದಾಗ ಮೂಡುವುದು ನಿಲ್ಲಬೇಕು. ನನಗೆ ಈ ಪರೀಕ್ಷೆ ಬಲು ಇಷ್ಟ. ಅರ್ಧ ಬೆರಳುದ್ದದ ತಂತಿ ಪೋರ್ಟನ್ನೂ ಕೇಬಲ್ಲನ್ನೂ ಒಂದೇ ಏಟಿಗೆ ನಿರ್ದೋಷಿ ಎಂದು ಸಾರುತ್ತದೆ.

ಅಕ್ಷರ ಮೂಡದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ "ಪೋರ್ಟ್ಸ್" ನೋಡಿ. ಹಳದಿ ಗುರುತಿದ್ದರೆ ಘರ್ಷಣೆ ಇದೆ. ಸಾಂಪ್ರದಾಯಿಕ ಏರ್ಪಾಡಿನಲ್ಲಿ ಕಾಮ್1 ಮತ್ತು ಕಾಮ್3 ಎರಡೂ ಐಆರ್‌ಕ್ಯು 4 (ಸಾಧನ ಪ್ರೊಸೆಸರನ್ನು ಕರೆಯುವ ಸಾಲಿನ ಸಂಖ್ಯೆ) ಬಳಸುತ್ತವೆ, ಕಾಮ್2 ಮತ್ತು ಕಾಮ್4 ಐಆರ್‌ಕ್ಯು 3. ಕಾಮ್1ರಲ್ಲಿ ಸೀರಿಯಲ್ ಮೌಸ್, ಕಾಮ್3ರಲ್ಲಿ ಮೋಡೆಮ್ ಇದ್ದರೆ ಮೌಸ್ ಅಲುಗಾಡಿಸಿದಾಗಲೆಲ್ಲ ಸಂಪರ್ಕ ಕಡಿಯಬಹುದು. ಬಳಸದೆ ಬಿದ್ದಿರುವ ಹಳೆಯ ಒಳಮೋಡೆಮ್ ಕಾರ್ಡನ್ನು ಹೊರತೆಗೆದರೆ ಎಷ್ಟೋ ಜಗಳ ತಾನಾಗಿ ತಣ್ಣಗಾಗುತ್ತದೆ. ಯುಪಿಎಸ್ ನಿಗಾ ವಹಿಸುವ ಪ್ರೋಗ್ರಾಮ್ ಇದ್ದರೆ ಅದು ಯಾವ ಪೋರ್ಟ್ ಹಿಡಿದಿದೆ ಎಂದೂ ವಿಚಾರಿಸಿ.

ಹೆಜ್ಜೆ 6: ಮೋಡೆಮ್ ಜೊತೆ ನೇರ ಮಾತು

ತಂತಿ ತೆಗೆದು ಮೋಡೆಮ್ ಮತ್ತೆ ಜೋಡಿಸಿ. ಹೈಪರ್‌ಟರ್ಮಿನಲ್‌ನಲ್ಲಿ ವೇಗ 115200, ಫ್ಲೋ ಕಂಟ್ರೋಲ್ "ಹಾರ್ಡ್‌ವೇರ್". "ಎಟಿ" ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಮೋಡೆಮ್ "ಓಕೆ" ಎನ್ನಬೇಕು. 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮ್ ಹುಟ್ಟುಹಾಕಿದ ಭಾಷೆ ಇದು. ನಂತರದ ಮೋಡೆಮ್‌ಗಳೆಲ್ಲ ಹೆಚ್ಚು ಕಡಿಮೆ ಇದನ್ನೇ ಕಲಿತವು.

ನೀವು ಟೈಪ್ ಮಾಡಿದ್ದು ಕಾಣದೆ ಓಕೆ ಮಾತ್ರ ಬಂದರೆ "ಎಟಿಇ1". ಓಕೆ ಬದಲು ಬರೀ ಸೊನ್ನೆ ಬಂದರೆ "ಎಟಿವಿ1". ದೀಪ ಮಿನುಗಿಯೂ ಉತ್ತರವಿಲ್ಲದಿದ್ದರೆ ಮೋಡೆಮ್ ಮೌನವ್ರತದಲ್ಲಿರಬಹುದು, "ಎಟಿಕ್ಯು0" ಎಂದು ಕುರುಡಾಗಿ ಟೈಪ್ ಮಾಡಿ. ಯಾರೋ ಏನೇನೋ ಬದಲಿಸಿಟ್ಟ ಮೋಡೆಮ್ ಎಂಬ ಅನುಮಾನವಿದ್ದರೆ "ಎಟಿ&ಎಫ್" ಅದನ್ನು ಕಾರ್ಖಾನೆಯ ಸ್ಥಿತಿಗೆ ತರುತ್ತದೆ. ತಾನೇ ಉತ್ತರಿಸುವ ಚಟ ಬಿಡಿಸಲು "ಎಟಿಎಸ್0=0". ಇವೆಲ್ಲ ಮೋಡೆಮ್ ಆರುವ ತನಕ ಮಾತ್ರ; ಸ್ಥಿರವಾಗಿ ಉಳಿಯಲು ಕೊನೆಗೆ "ಎಟಿ&ಡಬ್ಲ್ಯು".

ಶಟ್‌ಡೌನ್‌ಗೆ ನೇರ ಸಂಬಂಧಿಸಿದ ಆಜ್ಞೆಯೊಂದಿದೆ. ಕಂಪ್ಯೂಟರ್ ಆರಿದಾಗ ಡಿಟಿಆರ್ ತಂತಿ ಬೀಳುತ್ತದೆ. "&ಡಿ2" ಎಂದು ಹೊಂದಿಸಿದ ಮೋಡೆಮ್ ಅದನ್ನು ಕಂಡೊಡನೆ ಲೈನ್ ಬಿಡುತ್ತದೆ. "&ಡಿ0" ಎಂದಿದ್ದರೆ ಕಂಪ್ಯೂಟರ್ ಸತ್ತರೂ ಮೋಡೆಮ್‌ಗೆ ಪರಿವೆಯಿಲ್ಲ; ಲೈನ್ ಹಿಡಿದೇ ಇರುತ್ತದೆ. ಯಾರ ಫೋನೂ ಬರುವುದಿಲ್ಲ, ಬಿಲ್ಲು ಮಾತ್ರ ಓಡುತ್ತದೆ. ಆರಿಸಿದ ಮೇಲೂ ಒಎಚ್ ದೀಪ ಉರಿಯುತ್ತಿದ್ದರೆ ಮೋಡೆಮ್ ಪ್ರಾಪರ್ಟೀಸ್‌ನ ಹೆಚ್ಚುವರಿ ಆಜ್ಞೆಗಳ ಚೌಕದಲ್ಲಿ ಯಾರೋ "&ಡಿ0" ಬರೆದಿದ್ದಾರೆಯೇ ನೋಡಿ ಅಳಿಸಿ; ನಂತರ ಹೈಪರ್‌ಟರ್ಮಿನಲ್‌ನಲ್ಲಿ "ಎಟಿ&ಡಿ2&ಡಬ್ಲ್ಯು" ಕೊಡಿ.

ಈ ಕೆಲಸ ಮುಗಿದೊಡನೆ ಹೈಪರ್‌ಟರ್ಮಿನಲ್ ಮುಚ್ಚಿ. ಮುಚ್ಚದೆ ಡಯಲ್ ಮಾಡಿದರೆ 633ನೇ ದೋಷ, ಅಂದರೆ ಪೋರ್ಟ್ ಬೇರೆಯವರ ಕೈಯಲ್ಲಿದೆ ಎಂದು ಬರುತ್ತದೆ. ತಾನೇ ತೆರೆದಿಟ್ಟದ್ದನ್ನು ಮರೆತು ಬೇರೆ ಕಳ್ಳನನ್ನು ಹುಡುಕಿದವರಲ್ಲಿ ನಾನೂ ಒಬ್ಬ.

ಹೆಜ್ಜೆ 7: ಲೈನ್

ಡಯಲ್ ಮಾಡಿದಾಗ ಬರುವ ದೋಷದ ಸಂಖ್ಯೆ 680 ಎಂದರೆ ಡಯಲ್ ಟೋನ್ ಇಲ್ಲ. ಮೋಡೆಮ್‌ನ ಬೆನ್ನಿನಲ್ಲಿ ಒಂದೇ ಥರದ ಎರಡು ತೂತುಗಳಿವೆ, "ಲೈನ್" ಮತ್ತು "ಫೋನ್". ಗೋಡೆಯಿಂದ ಬಂದ ತಂತಿ ಲೈನ್‌ಗೇ ಹೋಗಬೇಕು. ಒಂದು ಸಾಧಾರಣ ದೂರವಾಣಿಯನ್ನು ಫೋನ್ ತೂತಿಗೆ ಹಾಕಿ ಕಿವಿಗಿಟ್ಟುಕೊಳ್ಳಿ. ಟೋನ್ ಕೇಳಿಸಿಯೂ ಮೋಡೆಮ್ ಇಲ್ಲವೆಂದರೆ ಅದು ಗುರುತಿಸದ ಥರದ ಟೋನ್: ಬೇರೆ ದೇಶದ ಮೋಡೆಮ್ ಇರಬಹುದು, ಅಥವಾ ಧ್ವನಿ ಸಂದೇಶ ಕಾಯುತ್ತಿರುವಾಗ ಕೆಲವು ವಿನಿಮಯ ಕೇಂದ್ರಗಳು ಕೊಡುವ ತುಂಡು ತುಂಡು ಟೋನ್ ಇರಬಹುದು. ಮೋಡೆಮ್ ಪ್ರಾಪರ್ಟೀಸ್‌ನಲ್ಲಿ ಟೋನ್‌ಗೆ ಕಾಯುವ ಚೌಕದ ಗುರುತು ತೆಗೆಯಿರಿ, ಅಥವಾ ಹೆಚ್ಚುವರಿ ಆಜ್ಞೆಯಾಗಿ "ಎಕ್ಸ್3" ಹಾಕಿ.

676 ಎಂದರೆ ಆಚೆ ಬದಿ ಕಾರ್ಯನಿರತ, 678 ಎಂದರೆ ಉತ್ತರವಿಲ್ಲ, 691 ಎಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ಇವುಗಳಿಗೆ ಮೋಡೆಮ್ ಬಿಚ್ಚಬೇಕಾಗಿಲ್ಲ.

ಸಂಪರ್ಕ ಸಿಕ್ಕಿ ಆಗಾಗ ಕಡಿಯುತ್ತಿದ್ದರೆ ಮನೆಯ ಬೇರೆಲ್ಲ ದೂರವಾಣಿಗಳನ್ನೂ ಉದ್ದದ ವಿಸ್ತರಣಾ ತಂತಿಗಳನ್ನೂ ತೆಗೆದು ನೋಡಿ. ಕಾಲ್ ವೇಟಿಂಗ್ ಇದ್ದರೆ ಅದರ ಬೀಪ್ ಸದ್ದನ್ನು ಮೋಡೆಮ್ ಸಂಪರ್ಕ ಹೋಯಿತೆಂದು ತಿಳಿದುಕೊಳ್ಳುತ್ತದೆ. "ಎಸ್10" ಎಂಬ ಮೌಲ್ಯ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಅದರ ತಾಳ್ಮೆಯನ್ನು ಹೇಳುತ್ತದೆ, ಅದನ್ನು 50ಕ್ಕೆ ಏರಿಸಿ ನೋಡಿ. ವೇಗದ ಬಗ್ಗೆ ದೊಡ್ಡ ಆಸೆ ಬೇಡ. 56 ಕಿಲೋಬಿಟ್ ಎಂಬುದು ಡಬ್ಬದ ಮೇಲಿನ ಮಾತು, 1998ರ ವಿ.90 ಮಾನಕದಲ್ಲಿ ಕಳುಹಿಸುವ ವೇಗದ ಮಿತಿಯೇ 33.6. ನಿಮ್ಮ ದೂರವಾಣಿ ಈಗ ಇಂಟರ್‌ನೆಟ್ ಪೆಟ್ಟಿಗೆಯ ಮೂಲಕ ಬರುತ್ತಿದ್ದರೆ, ಧ್ವನಿಯನ್ನು ತುಂಡು ಮಾಡಿ ಕುಗ್ಗಿಸಿ ಸಾಗಿಸುವ ಆ ದಾರಿಯಲ್ಲಿ ಮೋಡೆಮ್‌ನ ಕಿರುಚಾಟ ಸುರಕ್ಷಿತವಾಗಿ ಆಚೆ ಸೇರುವುದು ಕಷ್ಟ. ಆಗ ದೋಷ ನಿಮ್ಮ ಯಂತ್ರದಲ್ಲಿಲ್ಲ.

ಯುಎಸ್‌ಬಿ ಮೋಡೆಮ್ ಇದ್ದವರಿಗೆ

ತಂತಿಯ ಪರೀಕ್ಷೆ ನಿಮಗಲ್ಲ. ಹಬ್ ಬಿಟ್ಟು ಕಂಪ್ಯೂಟರಿನ ಹಿಂಭಾಗದ ಪೋರ್ಟಿಗೆ ನೇರವಾಗಿ ಹಾಕಿ. ಎಕ್ಸ್‌ಪಿಯ ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿ "ಯುಎಸ್‌ಬಿ ರೂಟ್ ಹಬ್"ನ ಪವರ್ ಹಾಳೆಗೆ ಹೋಗಿ, ವಿದ್ಯುತ್ ಉಳಿಸಲು ಸಾಧನವನ್ನು ಆರಿಸುವ ಅನುಮತಿಯನ್ನು ಹಿಂತೆಗೆಯಿರಿ. ನಡುವೆ ಮಾಯವಾಗುವ ಮೋಡೆಮ್‌ಗೂ, ಆರುವಾಗ ಮಾಯವಾದ ಮೋಡೆಮನ್ನು ಹುಡುಕುತ್ತಾ ಹೆಪ್ಪುಗಟ್ಟುವ ಡ್ರೈವರಿಗೂ ಎಷ್ಟೋ ಸಲ ಇದೇ ಪರಿಹಾರ.

ಕೊನೆಯ ಪರೀಕ್ಷೆ

ಎಲ್ಲ ಜೋಡಿಸಿ ಆದ ಮೇಲೆ ಡಯಲ್ ಮಾಡಿ, ಐದು ನಿಮಿಷ ಬಳಸಿ, ಸಂಪರ್ಕ ಕಡಿಯಿರಿ. ಟಿಆರ್ ಮತ್ತು ಒಎಚ್ ದೀಪಗಳು ಆರಿದ್ದನ್ನು ಕಣ್ಣಾರೆ ಕಂಡ ಮೇಲೆ ಶಟ್‌ಡೌನ್ ಕೊಡಿ. ಫ್ಯಾನ್ ನಿಂತ ಮೇಲೆ ಮೋಡೆಮ್ ಉರಿಯುತ್ತಲೇ ಇರಲಿ. ಮೊಬೈಲಿನಿಂದ ಆ ಮನೆ ಸಂಖ್ಯೆಗೆ ಕರೆ ಮಾಡಿ, ನಾಲ್ಕೈದು ಬಾರಿ ರಿಂಗಣಿಸಲು ಬಿಡಿ. ಆಮೇಲೆ ಮೋಡೆಮ್‌ನ ಸ್ವಿಚ್ಚನ್ನು ತೆಗೆದು ಹಾಕಿ ನೋಡಿ. ಎರಡಕ್ಕೂ ಪೆಟ್ಟಿಗೆ ಮಿಸುಕದಿದ್ದರೆ ಪುಸ್ತಕದಲ್ಲಿ ದಿನಾಂಕ ಬರೆದು, ಬಯೋಸ್‌ನಲ್ಲಿ ಬದಲಿಸಿದ ಸಾಲುಗಳನ್ನು ಅದರ ಕೆಳಗೆ ನಕಲು ಮಾಡಿ ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿಡಿ.